ಇಬ್ಬರೂ ನಂಬುವ ತಕ್ಕಡಿ

(ಮಂಡ್ಯದಲ್ಲಿ ವಾಣಿಜ್ಯ ವಿದ್ಯಾರ್ಥಿಗಳು, ಸಣ್ಣ ಕೈಗಾರಿಕೆ ನಡೆಸುವವರು ಮತ್ತು ಕಬ್ಬು ಬೆಳೆಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯ ಭಾಗ ಸಭಿಕರು ಕೇಳಿದ ಪ್ರಶ್ನೆಗಳಿಂದ ಬೆಳೆದದ್ದು.)

ಎಲ್ಲರಿಗೂ ನಮಸ್ಕಾರ.

ಪೂರೈಕೆ ಸರಪಳಿಯಲ್ಲಿ ಕೊಳ್ಳುವವರು ಮತ್ತು ಪೂರೈಸುವವರು ಸೇರಿ ಮಾಡುವ ಸಾಧನೆಯನ್ನು ಅಳೆಯುವುದು ಹೇಗೆ ಎಂಬುದು ಇವತ್ತಿನ ವಿಷಯ. ಮಂಡ್ಯದಲ್ಲಿ ನಿಂತು ಇದನ್ನು ಹೇಳುವಾಗ ದೂರದ ಉದಾಹರಣೆಯಿಂದ ಶುರು ಮಾಡುವ ಅಗತ್ಯವೇ ಇಲ್ಲ. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂತು, ನಾಲೆಯ ನೀರಿಗೆ ಕಬ್ಬು ಬಂತು, ಕಬ್ಬಿಗೆಂದು 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಆ ಕಾರ್ಖಾನೆಗಾಗಿ ದುಡಿದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರನ್ನು ಈ ಜಿಲ್ಲೆ ಇಂದಿಗೂ ನೆನೆಯುತ್ತದೆ. ಅಂದಿನಿಂದ ಇಲ್ಲಿನ ಮನೆಮನೆಗೂ ಕೊಳ್ಳುವವರು-ಪೂರೈಸುವವರ ಸಂಬಂಧ ಏನೆಂದು ಗೊತ್ತು. ಅದರ ಸಿಹಿಯೂ ಗೊತ್ತು, ಬಾಕಿಯೂ ಗೊತ್ತು.

ನಾನು ಹೇಳಬೇಕಾದ್ದು ಇಷ್ಟೇ. ನಮ್ಮಲ್ಲಿ ಕೊಳ್ಳುವವರು ಪೂರೈಸುವವರನ್ನು ಅಳೆಯುತ್ತಾರೆ. ಪೂರೈಸುವವರಿಗೆ ಕೊಳ್ಳುವವರನ್ನು ಅಳೆಯುವ ಸಾಧನವೇ ಇಲ್ಲ, ಹಾಗಾಗಿ ಅವರು ಬೇಸರಪಡುತ್ತಾರೆ, ಕೆಲವೊಮ್ಮೆ ರಸ್ತೆಗಿಳಿಯುತ್ತಾರೆ. ಇಬ್ಬರೂ ಸೇರಿ ಹುಟ್ಟಿಸಿದ ಫಲ ಎಷ್ಟು, ಅದರಲ್ಲಿ ಯಾರ ಕೈ ಎಷ್ಟಿದೆ ಎಂಬುದನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಈ ಮೂರನೆಯ ಅಳತೆ ಇಲ್ಲದ ಕಡೆ ಪಾಲುದಾರಿಕೆ ಎನ್ನುವುದು ಭಾಷಣದ ಮಾತಾಗಿ ಉಳಿಯುತ್ತದೆ.

ಒಂದು ಟನ್ ಕಬ್ಬನ್ನು ಗದ್ದೆಯಿಂದ ಹಿಂಬಾಲಿಸೋಣ. ಕಬ್ಬು ಹನ್ನೆರಡು ತಿಂಗಳಿಗೆ ಬಲಿತಿದೆ, ರೈತರು ಕಾರ್ಖಾನೆಗೆ ಒಪ್ಪಿಗೆ ಮಾಡಿಸಿದ್ದಾರೆ. ಕಟಾವಿಗೆ ಅನುಮತಿ ಬರಬೇಕು. ಬರುವುದು ಒಂದು ತಿಂಗಳು ತಡವಾಯಿತು, ಎರಡು ತಿಂಗಳಾಯಿತು. ಕಬ್ಬು ಹೂ ಬಿಡುತ್ತದೆ, ಒಳಗೆ ಬೆಂಡಾಗುತ್ತದೆ, ತೂಕ ಕಳೆದುಕೊಳ್ಳುತ್ತದೆ. ಅನುಮತಿ ಬಂದಾಗ ಕಟಾವಿನ ಆಳುಗಳು ಬೇರೆ ಊರಿನಲ್ಲಿರುತ್ತಾರೆ. ಅವರು ಬಂದು ಕಡಿದರೆ ಗಾಡಿ ಸಿಗುವುದಿಲ್ಲ. ಗಾಡಿ ಸಿಕ್ಕಿ ಕಾರ್ಖಾನೆ ತಲುಪಿದರೆ ಯಾರ್ಡಿನಲ್ಲಿ ಸಾಲು.

ಕಡಿದ ಗಳಿಗೆಯಿಂದಲೇ ಕಬ್ಬಿನೊಳಗಿನ ಸಕ್ಕರೆ ಒಡೆಯಲು ಶುರುವಾಗುತ್ತದೆ. ಕಬ್ಬಿನಲ್ಲೇ ಇರುವ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಮುರಿಯುತ್ತದೆ. ಕಡಿದ ತುದಿಯಿಂದ ಸೂಕ್ಷ್ಮಾಣುಗಳು ಸೇರಿ ಡೆಕ್ಸ್‌ಟ್ರಾನ್ ಎಂಬ ಅಂಟನ್ನು ಹುಟ್ಟಿಸುತ್ತವೆ. ಆ ಅಂಟು ಮುಂದೆ ರಸ ಸೋಸುವುದಕ್ಕೂ ತೊಡಕು, ಹರಳು ಕಟ್ಟುವುದಕ್ಕೂ ತೊಡಕು. ಒಡೆದ ಸಕ್ಕರೆ ಹರಳಾಗುವುದೂ ಇಲ್ಲ, ಕಾಕಂಬಿಗೆ, ಅಂದರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಪಾಕಕ್ಕೆ, ಹೋಗುತ್ತದೆ. ಕಡಿದ 24 ಗಂಟೆಯೊಳಗೆ ಅರೆಯಬೇಕು ಎಂದು ತಜ್ಞರು ಹೇಳುವುದು ಇದಕ್ಕೇ. ಬಿಸಿಲಿನಲ್ಲಿ ಎರಡು ಮೂರು ದಿನ ನಿಂತ ಗಾಡಿಯಲ್ಲಿ ರೈತರ ತೂಕವೂ ಹೋಗುತ್ತಿರುತ್ತದೆ, ಕಾರ್ಖಾನೆಯ ಸಕ್ಕರೆಯೂ ಹೋಗುತ್ತಿರುತ್ತದೆ. ನಷ್ಟ ಇಬ್ಬರದ್ದೂ. ಆದರೆ ಆ ಗಂಟೆಗಳನ್ನು ಬರೆದಿಡುವ ಪುಸ್ತಕ ಇಬ್ಬರ ಬಳಿಯೂ ಇರುವುದಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಅಂಕಿ ಉಳಿಯುತ್ತದೆ. ಅದು ಸಕ್ಕರೆ ಇಳುವರಿ, ಅಂದರೆ ನೂರು ಕೆಜಿ ಕಬ್ಬಿನಿಂದ ಎಷ್ಟು ಕೆಜಿ ಸಕ್ಕರೆ ಬಂತು ಎಂಬುದು, ನೀವು ರಿಕವರಿ ಎನ್ನುತ್ತೀರಿ. ಆ ಅಂಕಿಯನ್ನು ಹುಟ್ಟಿಸಿದವರು ಯಾರು ಎಂದು ಸ್ವಲ್ಪ ಯೋಚಿಸಿ. ತಳಿ ಆರಿಸಿದ್ದು, ಗೊಬ್ಬರ ಹಾಕಿದ್ದು ರೈತರು. ಕಡಿಯುವ ದಿನ ಗೊತ್ತು ಮಾಡಿದ್ದು ಕಾರ್ಖಾನೆ. ಬುಡಕ್ಕೆ ಕಡಿದು ತರಗು ಸವರಿದ್ದು ಕಟಾವಿನವರು. ಕಡಿತದಿಂದ ಅರೆತದವರೆಗಿನ ಹೊತ್ತು ಗಾಡಿಯದ್ದು, ಯಾರ್ಡಿನದ್ದು. ರಸವನ್ನು ಪೂರ್ತಿ ಹಿಂಡಿದ್ದು ಅಥವಾ ಸಿಪ್ಪೆಯಲ್ಲಿ ಉಳಿಸಿದ್ದು ಯಂತ್ರ. ಇಷ್ಟು ಜನರ ಕೆಲಸ ಸೇರಿದ ಒಂದು ಅಂಕಿಯನ್ನು ನಾವು ಕಾರ್ಖಾನೆಯ ಇಳುವರಿ ಎಂದು ಕರೆದು ಸುಮ್ಮನಾಗುತ್ತೇವೆ.

ಆ ಅಂಕಿಯ ಮೇಲೆ ಬೆಲೆ ನಿಂತಿದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, 10.25 ಶೇಕಡಾ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಇಳುವರಿ 0.1 ಏರಿದರೆ 3 ರೂಪಾಯಿ 46 ಪೈಸೆ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. 9.5ಕ್ಕಿಂತ ಕೆಳಗೆ ಎಷ್ಟೇ ಇಳಿದರೂ 329 ರೂಪಾಯಿ 5 ಪೈಸೆಗೆ ಕಡಿತ ನಿಲ್ಲುತ್ತದೆ. ಈ ಎರಡು ಮಟ್ಟಗಳ ನಡುವೆ ರೈತರಿಗೆ ಟನ್ನಿಗೆ ಸುಮಾರು 260 ರೂಪಾಯಿ ವ್ಯತ್ಯಾಸ. ಕಾರ್ಖಾನೆಗೆ ಟನ್ನಿಗೆ ಏಳೂವರೆ ಕೆಜಿ ಸಕ್ಕರೆಯ ವ್ಯತ್ಯಾಸ. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಯಾದರೆ ದಿನಕ್ಕೆ ಮೂವತ್ತೇಳೂವರೆ ಟನ್ ಸಕ್ಕರೆ. ಯಾರ ತಪ್ಪು ಎಂಬ ಜಗಳದಲ್ಲಿ ಈ ಸಕ್ಕರೆ ಕಾಣದಂತೆ ಕರಗಿಹೋಗುತ್ತದೆ.

ಈ ಪದ್ಧತಿಯ ದೊಡ್ಡ ಕೊರತೆ ಸರಾಸರಿ. ಇಳುವರಿಯನ್ನು ಇಡೀ ಕಾರ್ಖಾನೆಗೆ ಒಟ್ಟಾಗಿ ಲೆಕ್ಕ ಹಾಕುತ್ತಾರೆ. ಒಬ್ಬರು ತರಗಿಲ್ಲದ, ಹದವಾಗಿ ಬಲಿತ, ಅವತ್ತೇ ಕಡಿದ ಕಬ್ಬು ತರುತ್ತಾರೆ. ಇನ್ನೊಬ್ಬರದ್ದು ಸೋಗೆ ಸಮೇತ ಬಂದ ಎಳೆಯ ಕಬ್ಬು. ಟನ್ನಿನ ಲೆಕ್ಕದಲ್ಲಿ ಇಬ್ಬರಿಗೂ ಒಂದೇ ಬೆಲೆ. ಹೀಗಿರುವಾಗ ರೈತರು ಸಕ್ಕರೆ ಅಂಶಕ್ಕಿಂತ ಟನ್ ಹೆಚ್ಚು ಕೊಡುವ ತಳಿಯ ಕಡೆ ನೋಡಿದರೆ ಅದನ್ನು ತಪ್ಪೆನ್ನಲು ಆಗದು. ನಮ್ಮ ವಿ.ಸಿ. ಫಾರಂನಂಥ ಸಂಶೋಧನಾ ಕೇಂದ್ರ ಎಷ್ಟೇ ಒಳ್ಳೆಯ ತಳಿ ಕೊಟ್ಟರೂ ತೂಕಕ್ಕೆ ಮಾತ್ರ ದುಡ್ಡು ಬರುವ ಕಡೆ ಗುಣಕ್ಕೆ ಗಿರಾಕಿ ಹುಟ್ಟುವುದಿಲ್ಲ.

ಇದೇ ರೈತರ ಮನೆಯ ಹಿತ್ತಲಿಗೆ ಬನ್ನಿ. ಅಲ್ಲಿ ಹಸು ಇದೆ. ಬೆಳಿಗ್ಗೆ, ಸಂಜೆ ಹಾಲನ್ನು ಊರಿನ ಡೈರಿಗೆ ಹಾಕುತ್ತಾರೆ. ಅಲ್ಲಿ ಆ ಮನೆಯ ಹಾಲನ್ನು ಅವರ ಕಣ್ಣೆದುರೇ ಅಳೆಯುತ್ತಾರೆ. ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ, ಎಂಬುದು ಅಲ್ಲೇ ಗೊತ್ತಾಗುತ್ತದೆ. ಹಿಂಡಿ ಬದಲಿಸಿದರೆ, ಹಸಿ ಮೇವು ಹೆಚ್ಚು ಕಡಿಮೆ ಮಾಡಿದರೆ ಕೆಲವೇ ದಿನದಲ್ಲಿ ಆ ಅಂಕಿಯಲ್ಲಿ ಕಾಣುತ್ತದೆ. ಹಣ ವಾರಕ್ಕೋ ಹದಿನೈದು ದಿನಕ್ಕೋ ಖಾತೆಗೆ ಬರುತ್ತದೆ. ಗೆಜ್ಜಲಗೆರೆಯ ಹಾಲು ಒಕ್ಕೂಟದವರೆಗೆ ಹೋಗುವ ಈ ಸರಪಳಿಯನ್ನು ಹೆಚ್ಚಾಗಿ ಹೆಣ್ಣುಮಕ್ಕಳು ನಡೆಸುತ್ತಾರೆ. ಸಿದ್ಧಾಂತದ ಪುಸ್ತಕ ಓದದೆಯೇ ಅವರಿಗೆ ಮಾಪನದ ತಿರುಳು ತಿಳಿದಿದೆ: ಅಳತೆ ಬೇಗ ಆಗಬೇಕು, ನನ್ನ ಕಣ್ಣೆದುರು ಆಗಬೇಕು, ನನ್ನ ಕೆಲಸದ್ದೇ ಆಗಬೇಕು. ಒಂದೇ ಮನೆಯ ಎರಡು ಆದಾಯಗಳಲ್ಲಿ ಒಂದಕ್ಕೆ ಇಂಥ ಅಳತೆ ಇದೆ, ಇನ್ನೊಂದಕ್ಕೆ ಇಲ್ಲ. ಇದನ್ನು ನಾವು ಸಹಜವೆಂದು ಒಪ್ಪಿಕೊಂಡಿರುವುದು ನನಗೆ ನೋವಿನ ವಿಷಯ.

ಕಬ್ಬಿನಲ್ಲಿ ಇದು ಸಾಧ್ಯವೇ ಎಂದು ಕೇಳುತ್ತೀರಿ. ಸಾಧ್ಯ. ಆಸ್ಟ್ರೇಲಿಯಾದಲ್ಲಿ ಪ್ರತಿ ಬೆಳೆಗಾರರ ಕಬ್ಬಿನ ರಸವನ್ನು ಪರೀಕ್ಷಿಸಿ, ಅದರಿಂದ ಪಡೆಯಬಹುದಾದ ಸಕ್ಕರೆಯ ಪ್ರಮಾಣವನ್ನು ಸಿಸಿಎಸ್ ಎಂಬ ಅಂಕಿಯಾಗಿ ಬರೆಯುತ್ತಾರೆ. ಅಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಬೆಲೆಯ ಸೂತ್ರ ನನಗೆ ಬಹಳ ಇಷ್ಟ, ಅದರ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಸಿಸಿಎಸ್ ಅಂಕಿಯಿಂದ 4 ಕಳೆಯಿರಿ. ಉಳಿದದ್ದನ್ನು 0.009ರಿಂದ ಗುಣಿಸಿ, ಅದನ್ನು ಸಕ್ಕರೆಯ ಬೆಲೆಯಿಂದ ಗುಣಿಸಿ. ಮೇಲೊಂದು ಸಣ್ಣ ಸ್ಥಿರ ಮೊತ್ತ ಸೇರಿಸಿ. ಒಂದು ಟನ್ ಕಬ್ಬಿಗೆ ರೈತರಿಗೆ ಸಿಗುವುದು ಅಷ್ಟು.

ಸ್ಥಿರ ಮೊತ್ತವನ್ನು ಬಿಟ್ಟು ಲೆಕ್ಕ ಮಾಡಿ ನೋಡೋಣ. ಸಿಸಿಎಸ್ 12 ಇದ್ದರೆ ಟನ್ನಿನಲ್ಲಿ 120 ಕೆಜಿ ಸಕ್ಕರೆ. ಕಾರ್ಖಾನೆ ಅದರಲ್ಲಿ 90 ಶೇಕಡಾ ಹೊರತೆಗೆದರೆ 108 ಕೆಜಿ. ಸೂತ್ರದಂತೆ ರೈತರಿಗೆ 72 ಕೆಜಿಯ ಬೆಲೆ, ಕಾರ್ಖಾನೆಗೆ 36 ಕೆಜಿಯದ್ದು. ಈಗ ರೈತರು ಒಳ್ಳೆಯ ತಳಿ ಹಾಕಿ, ಹೊತ್ತಿಗೆ ಸರಿಯಾಗಿ ಕಡಿಸಿ ಸಿಸಿಎಸ್ ಅನ್ನು 13ಕ್ಕೆ ಏರಿಸಿದರು ಎನ್ನಿ. ಹೊರಬರುವ ಸಕ್ಕರೆ 117 ಕೆಜಿ. ರೈತರ ಪಾಲು 81 ಕೆಜಿ, ಕಾರ್ಖಾನೆಯ ಪಾಲು ಮತ್ತೆ ಅದೇ 36. ಗದ್ದೆಯ ಶ್ರಮದ ಪೂರ್ತಿ ಫಲ ಗದ್ದೆಗೇ ಹೋಯಿತು. ಇನ್ನು ಕಬ್ಬು ಮೊದಲಿನಂತೆ 12ರಲ್ಲೇ ಇದ್ದು, ಕಾರ್ಖಾನೆಯವರು ಯಂತ್ರ ಸುಧಾರಿಸಿ 90ರ ಬದಲು 92 ಶೇಕಡಾ ಹೊರತೆಗೆದರು ಎನ್ನಿ. ಆಗ ಒಟ್ಟು 110.4 ಕೆಜಿ. ರೈತರಿಗೆ 72, ಕಾರ್ಖಾನೆಗೆ 38.4. ಯಂತ್ರಕ್ಕೆ ಹಾಕಿದ ಬಂಡವಾಳದ ಫಲ ಯಂತ್ರದ ಯಜಮಾನರಿಗೆ.

ಜಂಟಿ ಫಲವನ್ನು ಒಟ್ಟಾಗಿ ಅಳೆದೂ, ಯಾರ ಕೈಯಲ್ಲಿರುವ ಕೆಲಸ ಸುಧಾರಿಸಿತೋ ಅವರಿಗೇ ಹೆಚ್ಚಳ ತಲುಪಿಸುವ ವ್ಯವಸ್ಥೆ ಇದು. ಇಂಥ ಕಡೆ ಮಾಪನ ಎಂಬುದು ದೂರು ಹೊರಿಸುವ ಕಾಗದವಾಗಿ ಉಳಿಯುವುದಿಲ್ಲ, ಕೆಲಸ ಮಾಡಲು ಕಾರಣವಾಗುತ್ತದೆ.

ಬ್ರೆಜಿಲ್‌ನ ಸಾವೊ ಪೌಲೊ ರಾಜ್ಯದಲ್ಲಿ ಇನ್ನೊಂದು ದಾರಿ ಹಿಡಿದರು. 1990ರ ದಶಕದ ಕೊನೆಯಲ್ಲಿ ಸರ್ಕಾರ ಕಬ್ಬಿನ ಬೆಲೆ ಕಟ್ಟುವುದನ್ನು ಬಿಟ್ಟಿತು. ಆಗ ಬೆಳೆಗಾರರ ಸಂಘಟನೆ ಮತ್ತು ಕಾರ್ಖಾನೆಗಳ ಸಂಘಟನೆ ಸರಿಸಮನಾಗಿ ಕುಳಿತು ಕಾನ್‌ಸೆಕಾನಾ ಎಂಬ ಮಂಡಳಿ ಕಟ್ಟಿಕೊಂಡವು. ಟನ್ ಕಬ್ಬಿನಲ್ಲಿ ಪಡೆಯಬಹುದಾದ ಒಟ್ಟು ಸಕ್ಕರೆ ಎಷ್ಟು ಕೆಜಿ ಎಂದು ಅಳೆದು, ಸಕ್ಕರೆ ಮತ್ತು ಎಥೆನಾಲ್ ಎರಡರ ಮಾರುಕಟ್ಟೆ ಬೆಲೆಯನ್ನೂ ಸೇರಿಸಿ ದರ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿಯೂ ಈ ದಿಕ್ಕಿನ ಯೋಚನೆ ನಡೆದಿದೆ. ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ ರಂಗರಾಜನ್ ಸಮಿತಿ 2012ರಲ್ಲೇ ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ 70 ಶೇಕಡಾ ರೈತರಿಗೆ ಎಂಬ ಸೂತ್ರ ಹೇಳಿತು. ಕರ್ನಾಟಕ 2013ರಲ್ಲಿ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣಕ್ಕೆ ಪ್ರತ್ಯೇಕ ಕಾಯ್ದೆ ಮಾಡಿತು. ಆದಾಯ ಹಂಚಬೇಕಾದರೆ ಮೊದಲು ಆದಾಯ ಎಷ್ಟೆಂದು ಇಬ್ಬರಿಗೂ ಕಾಣಬೇಕು. ಎಥೆನಾಲ್ ಎಷ್ಟು, ಸಿಪ್ಪೆಯಿಂದ ಮಾಡಿದ ವಿದ್ಯುತ್ ಎಷ್ಟು, ಕಾಕಂಬಿ ಎಷ್ಟು ಎಂಬ ಪುಸ್ತಕ ಬೆಳೆಗಾರರಿಗೆ ತೆರೆದಿರಬೇಕು.

ಕಾರ್ಖಾನೆಯವರ ಕಷ್ಟವನ್ನೂ ನ್ಯಾಯವಾಗಿ ಹೇಳಬೇಕು. ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರವರಿಯಲ್ಲಿ ಕೆಜಿಗೆ 31 ರೂಪಾಯಿ ಮಾಡಿದರು. ಮುಂದೆ ಹಲವು ವರ್ಷ ಎಫ್‌ಆರ್‌ಪಿ ಏರುತ್ತಾ ಹೋದರೂ ಅದು ಅಲ್ಲೇ ನಿಂತಿತ್ತು. ಕಬ್ಬು ಬರುವುದು ವರ್ಷದ ಕೆಲವು ತಿಂಗಳು, ಸಕ್ಕರೆ ಮಾರುವುದು ವರ್ಷವಿಡೀ. 1966ರ ಕಬ್ಬು ನಿಯಂತ್ರಣ ಆದೇಶ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಿ ಎನ್ನುತ್ತದೆ, ತಡವಾದರೆ ವರ್ಷಕ್ಕೆ 15 ಶೇಕಡಾ ಬಡ್ಡಿ ಎನ್ನುತ್ತದೆ. ಗೋದಾಮಿನಲ್ಲಿ ಸಕ್ಕರೆ ಇದ್ದು ಕೈಯಲ್ಲಿ ಹಣ ಇಲ್ಲದ ಕಾರ್ಖಾನೆಗೆ ಇದು ಸುಲಭವಲ್ಲ. ಹಾಗೆಂದು ಹೊರೆಯನ್ನು ರೈತರ ಮೇಲೆ ಇಳಿಸುವುದು ಉತ್ತರವಾಗದು. ಹಂಗಾಮಿನ ಉದ್ದಕ್ಕೂ ಎಷ್ಟು ಹಣ ಎಷ್ಟು ದಿನ ಎಲ್ಲಿ ನಿಂತಿತು ಎಂಬುದನ್ನು ಇಬ್ಬರೂ ಸೇರಿ ಬರೆದರೆ ಬ್ಯಾಂಕಿನ ಮುಂದೆ, ಸರ್ಕಾರದ ಮುಂದೆ ಒಟ್ಟಾಗಿ ಇಡಲು ಒಂದು ದಾಖಲೆಯಾದರೂ ಆಗುತ್ತದೆ.

ಈಗ ಮೈಸೂರಿನ ಕಡೆ ಹೋಗೋಣ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿಯಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಶೆಡ್ಡುಗಳು ಸಾಲುಸಾಲಾಗಿವೆ. ಅಲ್ಲಿ ಕೆಲಸ ಮಾಡಿದವರಿಗೆಲ್ಲ ವೆಂಡರ್ ರೇಟಿಂಗ್, ಅಂದರೆ ಕೊಳ್ಳುವ ಕಂಪನಿ ಪೂರೈಕೆದಾರರಿಗೆ ಹಾಕುವ ಅಂಕ, ಗೊತ್ತು. ತಿಂಗಳಿಗೊಮ್ಮೆ ಒಂದು ಹಾಳೆ ಬರುತ್ತದೆ. ಮಾಲು ಹೊತ್ತಿಗೆ ಬಂತೇ, ಪೂರ್ತಿ ಬಂತೇ, ಹತ್ತು ಲಕ್ಷ ಭಾಗಗಳಿಗೆ ಎಷ್ಟು ತಿರಸ್ಕೃತ, ದರ ಇಳಿಸಿದಿರೇ. ಕೊನೆಯಲ್ಲಿ ಎ, ಬಿ, ಸಿ ಎಂಬ ದರ್ಜೆ.

ಇವು ಬೇಡದ ಅಳತೆಗಳೆಂದು ನಾನು ಹೇಳುವುದಿಲ್ಲ. ಇವುಗಳಲ್ಲಿ ಒಂದು ವಿದ್ಯಾರ್ಥಿಗಳಿಗೆ ತುಂಬ ಉಪಯೋಗದ್ದು. ಹೊತ್ತಿಗೆ ಬಂದದ್ದು 95 ಶೇಕಡಾ, ಪೂರ್ತಿ ಬಂದದ್ದು 95, ದೋಷವಿಲ್ಲದ್ದು 95, ಕಾಗದಪತ್ರ ಸರಿಯಿದ್ದದ್ದು 95. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಚೆನ್ನ. ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲ ಎಂದಿಟ್ಟುಕೊಂಡು ನಾಲ್ಕನ್ನೂ ಗುಣಿಸಿದರೆ 81ರ ಆಸುಪಾಸು. ಅಂದರೆ ಐದು ಸಲದಲ್ಲಿ ಹತ್ತಿರ ಹತ್ತಿರ ಒಂದು ಸಲ ಗಿರಾಕಿಗೆ ಏನೋ ಒಂದು ಎಡವಟ್ಟಾಗಿದೆ. ನಾಲ್ಕು ವಿಭಾಗದವರೂ ಬೆನ್ನು ತಟ್ಟಿಕೊಂಡರೂ ಗಿರಾಕಿಗೆ ಸಮಾಧಾನವಿಲ್ಲದ್ದು ಏಕೆ ಎಂಬುದು ಆ ಗುಣಾಕಾರದಲ್ಲಿದೆ.

ನನ್ನ ತಕರಾರು ಇರುವುದು ಹಾಳೆಯ ಇನ್ನೊಂದು ಮಗ್ಗುಲು ಖಾಲಿ ಇರುವುದರ ಬಗ್ಗೆ. ತಿಂಗಳ ಮೊದಲ ದಿನ 10,000 ಭಾಗ ಬೇಕು ಎಂದು ಶೆಡ್ಯೂಲ್ ಕೊಡುತ್ತಾರೆ. ಹತ್ತನೇ ತಾರೀಖು ಅದು 6,000 ಆಗುತ್ತದೆ, ಇಪ್ಪತ್ತಕ್ಕೆ 13,000 ಆಗುತ್ತದೆ. ಶೆಡ್ಡಿನವರು ರಾತ್ರಿ ಪಾಳಿ ಹಾಕಿ ಒದಗಿಸಿದರೂ ಎರಡು ದಿನ ತಡ. ರೇಟಿಂಗ್ ಹಾಳೆಯಲ್ಲಿ ತಡ ಎಂಬುದಷ್ಟೇ ದಾಖಲಾಗುತ್ತದೆ. ಶೆಡ್ಯೂಲ್ ಎರಡು ಸಲ ಬದಲಾದದ್ದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಡ್ರಾಯಿಂಗ್ ಬದಲಾಯಿತು, ಹಳೆಯ ಪ್ರತಿ ಹಿಡಿದು ಮಾಡಿದ ಮಾಲು ವಾಪಸ್ ಬಂತು. ಅದು ಪೂರೈಕೆದಾರರ ರಿಜೆಕ್ಷನ್ ಲೆಕ್ಕಕ್ಕೆ ಹೋಯಿತು. ಎರಡು ಕಡೆಯ ಗೇಜುಗಳು, ಅಂದರೆ ಅಳತೆಯ ಉಪಕರಣಗಳು, ಒಂದೇ ಭಾಗವನ್ನು ಬೇರೆ ಬೇರೆಯಾಗಿ ತೋರಿಸಿದರೆ ಯಾವ ಗೇಜು ಗೆಲ್ಲುತ್ತದೆ ಎಂದು ಈ ಸಭೆಯಲ್ಲಿರುವ ಶೆಡ್ಡಿನ ಯಜಮಾನರಿಗೆ ನಾನು ಹೇಳಬೇಕಿಲ್ಲ.

ಬೇಡಿಕೆಯ ಈ ಏರಿಳಿತಕ್ಕೆ ದೊಡ್ಡ ಇತಿಹಾಸವಿದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯವರು ಮಕ್ಕಳ ಡೈಪರ್‌ಗಳ ಆರ್ಡರ್‌ಗಳನ್ನು ಪರಿಶೀಲಿಸಿದಾಗ ವಿಚಿತ್ರ ಕಂಡಿತು. ಮಕ್ಕಳು ಡೈಪರ್ ಬಳಸುವುದು ಹೆಚ್ಚುಕಡಿಮೆ ಒಂದೇ ಸಮನೆ. ಅಂಗಡಿಯ ಮಾರಾಟದಲ್ಲೂ ದೊಡ್ಡ ಏರಿಳಿತವಿಲ್ಲ. ಸಗಟು ವ್ಯಾಪಾರಿಗಳ ಆರ್ಡರ್ ಜಿಗಿಯುತ್ತಿತ್ತು, ಕಂಪನಿ ತನ್ನ ಕಚ್ಚಾವಸ್ತುವಿಗೆ ಕೊಡುತ್ತಿದ್ದ ಆರ್ಡರ್ ಇನ್ನೂ ಜಿಗಿಯುತ್ತಿತ್ತು. 1997ರಲ್ಲಿ ಲೀ, ಪದ್ಮನಾಭನ್, ವಾಂಗ್ ಎಂಬ ಮೂವರು ವಿದ್ವಾಂಸರು ಇದರ ಕಾರಣಗಳನ್ನು ಬಿಡಿಸಿಟ್ಟರು. ಸರಪಳಿಯಲ್ಲಿ ಹಿಂದೆ ಹಿಂದೆ ಹೋದಂತೆ ಏರಿಳಿತ ದೊಡ್ಡದಾಗುತ್ತದೆ, ಪೂರೈಕೆದಾರರ ತಪ್ಪಿಲ್ಲದೆಯೂ ಆಗುತ್ತದೆ. ಹಾಗಾಗಿ ತಿಂಗಳ ಮೊದಲ ದಿನ ಕೇಳಿದ್ದು ಎಷ್ಟು, ಕೊನೆಗೆ ಎತ್ತಿದ್ದು ಎಷ್ಟು ಎಂಬ ಒಂದೇ ಅಂಕಿಯನ್ನು ಬರೆಯಲು ಶುರು ಮಾಡಿದರೂ ಸಾಕು. ತಡಕ್ಕೆ ಅರ್ಧ ಕಾರಣ ಎಲ್ಲಿದೆ ಎಂದು ಕೊಳ್ಳುವ ಕಂಪನಿಗೇ ಕಾಣತೊಡಗುತ್ತದೆ.

ಹಣದ ಲೆಕ್ಕವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ, ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು. ಶೆಡ್ಡೊಂದು ತಿಂಗಳಿಗೆ 10 ಲಕ್ಷದ ಬಿಲ್ ಮಾಡುತ್ತದೆ. 45 ದಿನಕ್ಕೆ ಬರಬೇಕಾದ ಹಣ 90 ದಿನಕ್ಕೆ ಬರುತ್ತದೆ. ಅಂದರೆ ಸದಾ 15 ಲಕ್ಷ ಹೆಚ್ಚುವರಿಯಾಗಿ ಹೊರಗೆ ನಿಂತಿದೆ. ಶೆಡ್ಡಿಗೆ ಬ್ಯಾಂಕ್ ಬಡ್ಡಿ 12 ಶೇಕಡಾ ಆದರೆ ವರ್ಷಕ್ಕೆ 1 ಲಕ್ಷ 80 ಸಾವಿರ. ಇದು ವಹಿವಾಟಿನ ಒಂದೂವರೆ ಶೇಕಡಾ. ದರದಲ್ಲಿ ಒಂದು ಶೇಕಡಾ ಇಳಿಸಿ ಎಂದು ದಿನವಿಡೀ ಚೌಕಾಸಿ ಮಾಡುವ ಖರೀದಿ ವಿಭಾಗಕ್ಕೆ ಈ ಒಂದೂವರೆ ಕಾಣುವುದಿಲ್ಲ. ದೊಡ್ಡ ಕಂಪನಿಗೆ ಅದೇ ಸಾಲ 9 ಶೇಕಡಾಗೆ ಸಿಗುತ್ತಿದ್ದರೆ ಅದು ಉಳಿಸಿದ್ದು 1 ಲಕ್ಷ 35 ಸಾವಿರ. ಇಬ್ಬರನ್ನೂ ಸೇರಿಸಿ ನೋಡಿದರೆ 45 ಸಾವಿರ ಸುಮ್ಮನೆ ಬ್ಯಾಂಕಿಗೆ ಹೋಯಿತು. ಅಗ್ಗದ ಸಾಲ ಸಿಗುವವರಿಂದ ದುಬಾರಿ ಸಾಲ ಮಾಡುವವರ ಹೆಗಲಿಗೆ ಹೊರೆ ದಾಟಿದ್ದರ ಬೆಲೆ ಅದು. ಬಿಡಿ ಲೆಕ್ಕದಲ್ಲಿ ಕಂಪನಿಗೆ ಉಳಿತಾಯ, ಜಂಟಿ ಲೆಕ್ಕದಲ್ಲಿ ನಷ್ಟ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಣ್ಣ ಉದ್ದಿಮೆಗಳಿಗೆಂದೇ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗೆ ಬರಹದ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯ ತಿದ್ದುಪಡಿಯಿಂದ, ಹೀಗೆ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ನಿಜಕ್ಕೂ ಪಾವತಿಸಿದ ವರ್ಷದಲ್ಲಷ್ಟೇ ವೆಚ್ಚವಾಗಿ ತೋರಿಸಲು ಆದಾಯ ತೆರಿಗೆಯಲ್ಲಿ ಅವಕಾಶ. ಆದರೂ ಶೆಡ್ಡಿನವರು ದೂರು ಕೊಡಲು ಹಿಂಜರಿಯುತ್ತಾರೆ, ಮುಂದಿನ ಆರ್ಡರ್ ಬೇಕಲ್ಲ. ಈ ಹಿಂಜರಿಕೆಯೇ ಜಂಟಿ ಮಾಪನದ ಅಗತ್ಯವನ್ನು ತೋರಿಸುತ್ತದೆ. ಬಿಲ್ ಎಷ್ಟು ದಿನಕ್ಕೆ ಪಾಸಾಯಿತು ಎಂಬ ಅಂಕಿ ತಿಂಗಳ ಹಾಳೆಯಲ್ಲಿ ತಾನಾಗಿ ಬರುವಂತಿದ್ದರೆ ಯಾರೂ ದೂರುದಾರರಾಗಬೇಕಿಲ್ಲ.

ಮೈಸೂರಿನಲ್ಲೇ ಇರುವ ಇನ್ನೊಂದು ಸಂಬಂಧ ಈ ಹೊತ್ತಿನಲ್ಲಿ ನೆನಪಾಗುತ್ತದೆ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣ ಮತ್ತು ಅರಗಿನ ಕಾರ್ಖಾನೆ 1962ರ ಮಹಾಚುನಾವಣೆಯಿಂದ ದೇಶಕ್ಕೆ ಅಳಿಸಲಾಗದ ಶಾಯಿ ಒದಗಿಸುತ್ತಿದೆ. ಬೆರಳ ಮೇಲಿನ ಗುರುತು ಉಳಿಯಿತೇ, ಮತಗಟ್ಟೆಗೆ ಬಾಟಲಿ ಆ ದಿನ ತಲುಪಿತ್ತೇ ಎಂಬುದು ಚುನಾವಣಾ ಆಯೋಗಕ್ಕೂ ಕಾರ್ಖಾನೆಗೂ ಒಂದೇ ಪ್ರಶ್ನೆ. ಜಂಟಿ ಸಾಧನೆಯನ್ನು ಮೂರನೆಯವರ ಕಡೆಯಿಂದ, ಇಲ್ಲಿ ಮತದಾರರ ಕಡೆಯಿಂದ, ನೋಡಿದರೆ ಅಳತೆ ಎಷ್ಟು ಸರಳವಾಗುತ್ತದೆ ನೋಡಿ.

ಅಂಕಿಗೆ ಸಿಗದ ಒಂದು ವಿಷಯವನ್ನೂ ಹೇಳಲೇಬೇಕು. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಸೇಕಿ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾ ಕಾರಿನ ಬ್ರೇಕಿಗೆ ಬೇಕಾದ ಒಂದು ಪುಟ್ಟ ಕವಾಟ ಬಹುಪಾಲು ಅಲ್ಲೊಂದೇ ಕಡೆ ತಯಾರಾಗುತ್ತಿತ್ತು. ದಾಸ್ತಾನು ತೀರ ಕಡಿಮೆ ಇಡುವ ಪದ್ಧತಿ ಬೇರೆ. ಟೊಯೊಟಾದ ಕಾರ್ಖಾನೆಗಳು ನಿಂತವು. ಸುತ್ತಲಿನ ಪೂರೈಕೆದಾರರು ಐಸಿನ್‌ನಿಂದ ಡ್ರಾಯಿಂಗ್ ತರಿಸಿಕೊಂಡು ತಮ್ಮ ತಮ್ಮ ಯಂತ್ರಗಳಲ್ಲಿ ಆ ಕವಾಟ ಮಾಡಲು ಶುರು ಮಾಡಿದರು. ಹೊಲಿಗೆ ಯಂತ್ರಕ್ಕೆ ಹೆಸರಾದ ಬ್ರದರ್ ಕಂಪನಿಯೂ ಕೈಹಾಕಿತು. ದರ ಎಷ್ಟು, ಹಣ ಯಾವಾಗ ಎಂಬ ಮಾತುಕತೆ ಆಮೇಲೆ. ಸುಮಾರು ಒಂದು ವಾರದಲ್ಲಿ ಕಾರು ತಯಾರಿಕೆ ಹಳಿಗೆ ಬಂತು. ಹಿಂದಿನ ದಿನದವರೆಗಿನ ಯಾವ ರೇಟಿಂಗ್ ಹಾಳೆಯಲ್ಲೂ ಈ ಶಕ್ತಿ ಕಂಡಿರಲಿಲ್ಲ. ವರ್ಷಗಳ ಕಾಲ ಒಟ್ಟಿಗೆ ಕಲಿತು, ಉಳಿತಾಯ ಹಂಚಿಕೊಂಡ ಸಂಬಂಧದಲ್ಲಿ ಅದು ಕೂಡಿಟ್ಟಿತ್ತು. ನಮ್ಮಲ್ಲಿ ಇಂಥದೊಂದು ಬೆಂಕಿ ಬಿದ್ದರೆ ಎಷ್ಟು ಶೆಡ್ಡಿನವರು ದರ ಕೇಳದೆ ಓಡಿ ಬರುತ್ತಾರೆ ಎಂದು ಪ್ರತಿ ಖರೀದಿ ವಿಭಾಗ ತನ್ನನ್ನು ತಾನು ಕೇಳಿಕೊಳ್ಳಬೇಕು.

ಇನ್ನು ಪ್ರಶ್ನೆಗಳು.

ಹಿರಿಯ ಬೆಳೆಗಾರರೊಬ್ಬರು ಎದ್ದು ಕೇಳಿದರು: "ಸ್ವಾಮಿ, ತೂಕದ ಸೇತುವೆ ಅವರ್ದೆ, ಲ್ಯಾಬು ಅವರ್ದೆ. ಒಬ್ಬೊಬ್ಬರ ಕಬ್ಬು ಅಳೀತೀವಿ ಅಂತ ಬಂದ್ರೆ ನಾವು ನಂಬೋದು ಹೆಂಗೆ?"

ಇವತ್ತಿನ ಮುಖ್ಯ ಪ್ರಶ್ನೆ ಇದೇ. ಅಳೆಯುವ ಸಾಧನ ಒಬ್ಬರ ಕೈಯಲ್ಲೇ ಇದ್ದರೆ ಸೂತ್ರ ಎಷ್ಟೇ ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು. ಬ್ರೆಜಿಲ್‌ನಲ್ಲಿ ಬೆಳೆಗಾರರ ಸಂಘದ ಕಡೆಯವರು ಕಾರ್ಖಾನೆಯ ಲ್ಯಾಬಿನಲ್ಲಿ ನಿಂತು ಪರೀಕ್ಷೆ ನೋಡಬಹುದು. ಇಲ್ಲಿಯೂ ಅದೇ ಆಗಬೇಕು. ಸಂಘದವರು ನೇಮಿಸಿದ, ಬಿಎಸ್ಸಿ ಓದಿದ ಊರಿನ ಹುಡುಗನೋ ಹುಡುಗಿಯೋ ಲ್ಯಾಬಿನಲ್ಲಿ ಇರಲಿ. ಮಾದರಿಯನ್ನು ಎರಡು ಪಾಲು ಮಾಡಿ ಒಂದನ್ನು ಮೂರನೆಯವರು ಆಗಾಗ ಪರೀಕ್ಷಿಸಲಿ. ಸಂಬಳ ಇಬ್ಬರೂ ಅರ್ಧ ಅರ್ಧ ಕೊಡಲಿ. ತಕ್ಕಡಿಯ ಖರ್ಚನ್ನು ಹಂಚಿಕೊಂಡಾಗ ತಕ್ಕಡಿಯ ಮೇಲಿನ ಹಕ್ಕೂ ಹಂಚಿಕೆಯಾಗುತ್ತದೆ.

ಎಂ.ಕಾಂ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬರು, ಸಣ್ಣ ರೈತರ ಕಬ್ಬು ಕೆಲವೇ ಟನ್ ಇದ್ದರೆ ಪ್ರತಿಯೊಬ್ಬರದ್ದೂ ಪರೀಕ್ಷೆ ಮಾಡುವುದು ದುಬಾರಿಯಲ್ಲವೇ ಎಂದು ಕೇಳಿದರು. ನಿಜ, ದುಬಾರಿ. ಇಲ್ಲಿನ ಹಿಡುವಳಿ ಆಸ್ಟ್ರೇಲಿಯಾದಷ್ಟು ದೊಡ್ಡದಲ್ಲ, ಅದನ್ನು ಹಾಗೇ ತಂದು ನೆಡಲು ಆಗದು. ಹಾಗಾಗಿ ನಾನು ಮೊದಲು ಕೇಳುವುದು ಸಕ್ಕರೆಯ ಪರೀಕ್ಷೆಯನ್ನಲ್ಲ, ಹೊತ್ತಿನ ದಾಖಲೆಯನ್ನು. ಅದಕ್ಕೆ ಲ್ಯಾಬು ಬೇಡ. ಕಾರ್ಖಾನೆಯ ಪರವಾಗಿ ಕಬ್ಬಿನ ಗದ್ದೆಗಳನ್ನು ನೋಡಿಕೊಳ್ಳುವ ಒಬ್ಬ ಫೀಲ್ಡ್‌ಮನ್‌ನ ಊರುಗಳನ್ನಷ್ಟೇ ತೆಗೆದುಕೊಳ್ಳಿ. ಕಬ್ಬು ಹನ್ನೆರಡು ತಿಂಗಳು ತುಂಬಿದ ದಿನ, ಕಟಾವಿನ ಅನುಮತಿ ಬಂದ ದಿನ, ಕಡಿದು ಮುಗಿದ ಗಂಟೆ, ಗೇಟಿಗೆ ಬಂದ ಗಂಟೆ, ತೂಕವಾದ ಗಂಟೆ, ಹಣ ಖಾತೆಗೆ ಬಿದ್ದ ದಿನ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಪ್ರತಿ ಹಂತದಲ್ಲಿ ಒಂದು ಫೋಟೊ ತೆಗೆದರೆ ಗಂಟೆ ತಾನಾಗಿ ದಾಖಲಾಗುತ್ತದೆ. ಒಂದು ಹಂಗಾಮು ಹೀಗೆ ಬರೆದು, ಊರಿನ ಡೈರಿಯ ಗೋಡೆಗೂ ಕಾರ್ಖಾನೆಯ ಗೇಟಿಗೂ ಒಂದೇ ಪಟ್ಟಿಯನ್ನು ಅಂಟಿಸಿ.

ಶೆಡ್ಡಿನ ಯಜಮಾನರೊಬ್ಬರ ಪ್ರಶ್ನೆ ಹೀಗಿತ್ತು: "ಸಾರ್, ನಾವು ಐಡಿಯಾ ಕೊಟ್ಟು ಖರ್ಚು ಉಳಿಸಿದರೆ ಮಾರನೇ ವರ್ಷ ಆ ಉಳಿತಾಯಾನೇ ಹೊಸ ದರ ಅಂತ ಕೂರಿಸ್ತಾರೆ. ಮತ್ತೆ ಯಾಕೆ ಐಡಿಯಾ ಕೊಡಬೇಕು?" ಕೊಡಬೇಡಿ ಎಂದೇ ಹೇಳುತ್ತೇನೆ, ಹಂಚಿಕೆ ಬರಹದಲ್ಲಿ ಆಗುವವರೆಗೆ. ಉಳಿತಾಯ ಎಷ್ಟು, ಅದನ್ನು ಯಾರ ಲೆಕ್ಕದ ಪ್ರಕಾರ ಹಿಡಿಯುತ್ತೇವೆ, ಇಬ್ಬರಿಗೂ ಎಷ್ಟು ಪಾಲು, ಎಷ್ಟು ವರ್ಷ ಎಂಬುದು ಬದಲಾವಣೆ ಮಾಡುವ ಮೊದಲೇ ಒಂದು ಪುಟದಲ್ಲಿ ಇರಬೇಕು. ಎರಡು ವರ್ಷ ಅರ್ಧ ಅರ್ಧ, ಆಮೇಲೆ ದರ ಪರಿಷ್ಕರಣೆ ಎಂದು ಶುರು ಮಾಡಿ. ಒಪ್ಪದ ಕಂಪನಿಗೆ ಮಾಲು ಕೊಡಿ, ಉಪಾಯ ಕೊಡಬೇಡಿ. ಒಪ್ಪುವ ಕಂಪನಿಯಾದರೆ ಆ ಪುಟಕ್ಕೆ ಅವರ ಖರೀದಿ ವಿಭಾಗದವರ ಸಹಿಯ ಜೊತೆಗೆ ಲೆಕ್ಕಪತ್ರ ವಿಭಾಗದವರ ಸಹಿಯನ್ನೂ ಹಾಕಿಸಿಕೊಳ್ಳಿ. ಬಿಲ್ ಪಾಸು ಮಾಡುವವರು ಅವರೇ.